ಕಾರವಾರದಲ್ಲಿ ಸಣ್ಣ ಬಸ್ಸು ಯಾವ ರೂಟಿಗೆ ಸರಿ?

ಪ್ರಶ್ನೆ (ಕಾರವಾರದ ರೈಲ್ವೆ ಸ್ಟೇಷನ್ ಇರುವ ಶಿರವಾಡದಿಂದ):
ಮಧ್ಯಾಹ್ನ ನಮ್ಮ ಕಡೆ ಬರುವ ದೊಡ್ಡ ಬಸ್ಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ಸೀಟು ಖಾಲಿ. ಕೇರಿಯ ತಿರುವಿನಲ್ಲಿ ಎದುರಿಗೆ ಕಾರು ಬಂದರೆ ಕಂಡಕ್ಟರ್ ಇಳಿದು, ಹಿಂದೆ ನಿಂತು ಸೀಟಿ ಊದಬೇಕು. ಸಣ್ಣ ಬಸ್ಸು ಹಾಕಿದರೆ ಒಳ್ಳೆಯದಲ್ವಾ?

ಉತ್ತರ (ಶಿರಸಿಯಿಂದ, ಬಸ್ ಚಾಲಕ):
ರೂಟು ನೋಡಿ ಹಾಕಬೇಕು. ದೊಡ್ಡ ಬಸ್ಸು ಸುಮಾರು 12 ಮೀಟರ್, ಸಣ್ಣದು, ಅಂದರೆ ಮಿಡಿ ಬಸ್ಸು, 9ರ ಆಸುಪಾಸು. ಸಣ್ಣದರಲ್ಲಿ ಮುಂದಿನ ಹಿಂದಿನ ಚಕ್ರದ ನಡುವಿನ ಅಂತರ ಕಡಿಮೆ, ಹಾಗಾಗಿ ಇಕ್ಕಟ್ಟಿನ ತಿರುವಿನಲ್ಲಿ ಒಂದೇ ಸಲಕ್ಕೆ ತಿರುಗುತ್ತದೆ. ಡೀಸೆಲ್ ಸ್ವಲ್ಪ ಉಳಿಯುತ್ತದೆ. ಆದರೆ ಚಾಲಕ, ಕಂಡಕ್ಟರ್ ಸಂಬಳ ಅಷ್ಟೇ ಇರುತ್ತದೆ. ತುಂಬಿ ಹೋಗುವ ರೂಟಿಗೆ ಒಂದರ ಬದಲು ಎರಡು ಸಣ್ಣ ಬಸ್ಸು ಬಿಟ್ಟರೆ ಖರ್ಚೇ ಜಾಸ್ತಿ. ದಿನವಿಡೀ ಜನ ಕಡಿಮೆ ಇರುವ, ರಸ್ತೆ ಕಿರಿದಾದ ಕಡೆಗೇ ಅದು ಹೊಂದುವುದು.

ಉತ್ತರ (ಅಂಕೋಲೆಯಿಂದ):
ಮೀನು ಮಾರುವ ಹೆಂಗಸರನ್ನು ಮರೆಯಬೇಡಿ! ಬೆಳಿಗ್ಗೆ ಬುಟ್ಟಿ ಇಡಲು ನೆಲದಲ್ಲಿ ಜಾಗ ಬೇಕು. ಸಣ್ಣ ಬಸ್ಸಿನಲ್ಲಿ ನಾಲ್ಕು ಬುಟ್ಟಿ ಇಟ್ಟರೆ ನಡೆಯುವ ದಾರಿಯೇ ಮುಚ್ಚಿಹೋಗುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಬಸ್ಸುಗಳಲ್ಲಿ ಹೆಂಗಸರು ಜಾಸ್ತಿ. ಕಾಲೇಜು ಹೊತ್ತಿನಲ್ಲಿ ಕಾರವಾರ–ಅಂಕೋಲೆಗೆ ದಯವಿಟ್ಟು ದೊಡ್ಡದೇ ಇರಲಿ.

ಮತ್ತೆ ಶಿರವಾಡದಿಂದ:
ಬುಟ್ಟಿಯ ವಿಷಯ ನನಗೆ ಹೊಳೆದೇ ಇರಲಿಲ್ಲ. ಹಾಗಾದರೆ ಬೆಳಿಗ್ಗೆ ದೊಡ್ಡದೇ ಓಡಲಿ. ಹತ್ತು ಗಂಟೆಯ ನಂತರ ಒಂದು ಸಣ್ಣ ಬಸ್ಸು ರೈಲಿನ ಹೊತ್ತಿಗೆ ಸರಿಯಾಗಿ ಸ್ಟೇಷನ್‌ಗೂ ಪೇಟೆಗೂ ಓಡಾಡಲಿ. ಇಳಿದವರು ಲಗೇಜು ಹಿಡಿದು ಆಟೋದವರ ಹತ್ತಿರ ಚೌಕಾಸಿ ಮಾಡುವುದು ತಪ್ಪುತ್ತದೆ. ಡಿಪೋಗೆ ಅರ್ಜಿ ಬರೆಯುತ್ತಿದ್ದೇನೆ, ಸಹಿ ಹಾಕುವವರು ತಿಳಿಸಿ.