"ಗ್ಯಾಂಗ್‌ಸ್ಟಾ" ಎಂದರೆ ಪಾತಕಿಯೇ? ಒಂದು ತಲೆಬರಹದ ಮೇಲೆ ತಕರಾರು

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಅಮೆರಿಕದ ರ‍್ಯಾಪರ್ (ತಾಳಕ್ಕೆ ತಕ್ಕಂತೆ ಪ್ರಾಸದ ಮಾತು ಆಡುವವನು) ಸ್ನೂಪ್ ಡಾಗಿ ಡಾಗ್‌ನ ಮೊದಲ ಆಲ್ಬಂ "ಡಾಗಿಸ್ಟೈಲ್" ಕುರಿತು ಪತ್ರಿಕೆಯೊಂದಕ್ಕೆ ಲೇಖನ ಬರೆದುಕೊಟ್ಟಿದ್ದೆ. ಅಚ್ಚಾಗಿ ಬಂದಾಗ ತಲೆಬರಹ ಹೀಗಿತ್ತು: "ಪಾತಕಿ ಗಾಯಕನ ಚೊಚ್ಚಲ ಧ್ವನಿಸುರುಳಿಗೆ ಅದ್ದೂರಿ ಸ್ವಾಗತ". ಇದರಲ್ಲಿ ನನ್ನದಾಗಿ ಉಳಿದದ್ದು "ಚೊಚ್ಚಲ" ಒಂದೇ. ಉಳಿದ ಪದಗಳ ಬಗ್ಗೆ ನಿಮ್ಮನ್ನು ಕೇಳಬೇಕಾಗಿದೆ.

ಧ್ವನಿಸುರುಳಿಯ ಜಗಳ ಸಣ್ಣದು. 1993ರಲ್ಲಿ ಕ್ಯಾಸೆಟ್ಟೂ ಇತ್ತು, ಅದರೊಳಗೆ ಸುರುಳಿಯೂ ಇತ್ತು, ಸಿ.ಡಿ.ಯಲ್ಲಿ ಸುರುಳಿ ಎಲ್ಲಿಂದ ಬರಬೇಕು? "ಆಲ್ಬಂ" ಎಂದರೆ ಸಾಕು, ಮದುವೆಯ ಫೋಟೊಗಳೆಂದು ಯಾರೂ ತಪ್ಪು ತಿಳಿಯುವುದಿಲ್ಲ. ರ‍್ಯಾಪರ್ ಗಾಯಕನೇ ಎಂಬ ಪ್ರಶ್ನೆಯನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳೋಣ.

ಗಂಟು ಬಿದ್ದಿರುವುದು "ಪಾತಕಿ"ಯಲ್ಲಿ. ಕೇರಿಯ ಗ್ಯಾಂಗುಗಳ ಬದುಕು, ಹೊಡೆದಾಟಗಳನ್ನು ಹೇಳುವ ರ‍್ಯಾಪ್‌ಗೆ ಗ್ಯಾಂಗ್‌ಸ್ಟಾ ರ‍್ಯಾಪ್ ಎನ್ನುತ್ತಾರೆ. ನಾನು ಬರೆದಿದ್ದದ್ದು "ಗ್ಯಾಂಗ್‌ಸ್ಟಾ ರ‍್ಯಾಪರ್" ಎಂದು. "ಗ್ಯಾಂಗ್‌ಸ್ಟರ್" ಪದದ ಕೊನೆಯ ರಕಾರವನ್ನು ನುಂಗುವುದು ಆಫ್ರಿಕನ್ ಅಮೆರಿಕನ್ನರ ಆಡುನುಡಿಯ ಉಚ್ಚಾರ. ಅದನ್ನು ಬೇಕೆಂದೇ ಹಾಗೆಯೇ ಬರಹಕ್ಕೆ ಇಳಿಸಿದಾಗ, ಪೊಲೀಸರ ಬಾಯಲ್ಲಿದ್ದ ಪದ ಕೇರಿಯ ಹುಡುಗರದಾಯಿತು. "ಡಾಗ್" ಎಂಬುದರ ಕೊನೆಗೆ ಇಂಗ್ಲಿಷಿನಲ್ಲಿ ಒಂದು "ಜಿ" ಹೆಚ್ಚು ಸೇರಿಸಿಕೊಂಡದ್ದೂ ಇಂಥದೇ ಆಟ: ಅಲ್ಲಿ ಒಂದಕ್ಷರ ಕಳೆದರು, ಇಲ್ಲಿ ಒಂದಕ್ಷರ ಕೂಡಿಸಿದರು. ನಮ್ಮ ಲಿಪಿಯಲ್ಲಿ ಮೊದಲನೆಯದು ಕಾಣುತ್ತದೆ, ಎರಡನೆಯದರ ಸುಳಿವೂ ಸಿಗುವುದಿಲ್ಲ. (ಸ್ನೂಪ್ ಎಂಬ ಹೆಸರಿಗೆ ಮೂಲ ಚಾರ್ಲಿ ಬ್ರೌನ್ ಕಾರ್ಟೂನಿನ ನಾಯಿ, ಮನೆಯವರೇ ಇಟ್ಟ ಮುದ್ದಿನ ಹೆಸರು. ಭೂಗತ ಪಾತಕಿಗಳಿಗೆ ಇಂಥ ಹೆಸರು ಇರುವುದನ್ನು ನಾನಂತೂ ಕಂಡಿಲ್ಲ.)

ಪಾತಕಿಯಾದರೋ ಪಂಚಮಹಾಪಾತಕಗಳ ಮನೆತನದ ಪದ. ಅದರಲ್ಲಿ ಆರೋಪವಷ್ಟೇ ಅಲ್ಲ, ತೀರ್ಪೂ ಇದೆ. ಆಲ್ಬಂ ಹೊರಬಂದ 1993ರ ನವೆಂಬರ್‌ನಲ್ಲಿ ಸ್ನೂಪ್ ಕೊಲೆ ಆರೋಪ ಹೊತ್ತು ಜಾಮೀನಿನ ಮೇಲೆ ಹೊರಗಿದ್ದ. 1996ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸ್‌ನ ಜ್ಯೂರಿ ಕೊಲೆ ಆರೋಪದಿಂದ ಆತನನ್ನು ಖುಲಾಸೆಗೊಳಿಸಿತು. ನಮ್ಮ ಉಪಸಂಪಾದಕರು ಮಾತ್ರ ಇನ್ನೂ ಬಿಟ್ಟಿಲ್ಲ.

"ರೌಡಿ ರ‍್ಯಾಪ್" ಆಗಬಹುದಲ್ಲ ಎಂದು ಗೆಳೆಯರೊಬ್ಬರು ಸೂಚಿಸಿದರು. ರೌಡಿಯೂ ಅಮೆರಿಕದಲ್ಲೇ ಹುಟ್ಟಿದ ಇಂಗ್ಲಿಷ್ ಪದವಾದ್ದರಿಂದ ಒಂದು ಕ್ಷಣ ಮನಸ್ಸು ಒಪ್ಪಿತು. ಆದರೆ ನಮ್ಮಲ್ಲಿ ಅದು ಠಾಣೆಯ ರೌಡಿ ಪಟ್ಟಿಗೆ ಅಂಟಿಕೊಂಡ ಪದ. ಬರೆಯುವವನು ಪೊಲೀಸ್, ಬರೆಸಿಕೊಳ್ಳುವವನು ಇನ್ನೊಬ್ಬ. ಗ್ಯಾಂಗ್‌ಸ್ಟಾದಲ್ಲಿ ತನ್ನನ್ನು ತಾನೇ ಕರೆದುಕೊಳ್ಳುವ ಬಿಂಕ ಇದೆ. ನಿಜ, ಲಾಸ್ ಏಂಜಲೀಸ್ ಪಕ್ಕದ ಕಾಂಪ್ಟನ್‌ನ ಎನ್.ಡಬ್ಲ್ಯು.ಎ. ಎಂಬ ರ‍್ಯಾಪ್ ತಂಡದವರು ತಮ್ಮದನ್ನು "ರಿಯಾಲಿಟಿ ರ‍್ಯಾಪ್" ಎನ್ನುತ್ತಿದ್ದರು. ಹಾಗೆಂದು ಗ್ಯಾಂಗ್‌ಸ್ಟಾ ಪೂರ್ತಿ ಪರರು ಹಚ್ಚಿದ ಹಣೆಪಟ್ಟಿಯೂ ಅಲ್ಲ: 1988ರ ಅವರದೇ ಹಾಡೊಂದರ ಹೆಸರು "ಗ್ಯಾಂಗ್‌ಸ್ಟಾ ಗ್ಯಾಂಗ್‌ಸ್ಟಾ". ಹಾಗಾಗಿ ಪದವನ್ನು ಇದ್ದಂತೆ ಬಿಡುವುದೇ ಸರಿ ಎಂಬುದು ನನ್ನ ಹಟ.

ಈಗ "ಅದ್ದೂರಿ ಸ್ವಾಗತ". ಕೃತಿಯೊಂದನ್ನು ಜನ ಹೇಗೆ ಕಂಡರು ಎಂಬುದಕ್ಕೆ ಇಂಗ್ಲಿಷಿನವರು "ರಿಸೆಪ್ಷನ್" ಎನ್ನುತ್ತಾರೆ. ಮೊಬೈಲಿನ ಅನುವಾದಕವನ್ನು ಕೇಳಿದೆ, "ಆರತಕ್ಷತೆ" ಎಂದಿತು. ನಗಬೇಡಿ, "ಸ್ವಾಗತ"ವೂ ಅದೇ ಚಪ್ಪರದ ಕೆಳಗಿನದು. ಹೂವಿನ ಹಾರವಿಲ್ಲದೆ ಬರುವುದಿಲ್ಲ. ಈ ಆಲ್ಬಂ ಮೊದಲ ವಾರದಲ್ಲೇ 8 ಲಕ್ಷ ಪ್ರತಿ ದಾಟಿ ಮಾರಾಟವಾಗಿ ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಆಲ್ಬಂ ಪಟ್ಟಿಯಲ್ಲಿ ನೇರ ಮೊದಲ ಸ್ಥಾನಕ್ಕೇರಿತು ನಿಜ. ಆದರೆ ಅದರಲ್ಲಿ ಹೆಂಗಸರ ಬಗ್ಗೆ ಆಡಿದ ಮಾತುಗಳು ಕೇಳಲಾಗದಂಥವು, ಅದನ್ನು ನಾನೂ ಬಚ್ಚಿಡುವುದಿಲ್ಲ. ನಾಗರಿಕ ಹಕ್ಕುಗಳ ಚಳವಳಿಯಿಂದ ಬಂದ ಸಿ. ಡೆಲೋರೆಸ್ ಟಕರ್ ಇಂಥ ಹಾಡುಗಳ ವಿರುದ್ಧ ಬೀದಿಗಿಳಿದರು. 1994ರಲ್ಲಿ ಅಮೆರಿಕದ ಸಂಸತ್ತಿನಲ್ಲಿ ವಿಚಾರಣೆಗಳೇ ನಡೆದವು. ಆ ಎಳೆದೆಳೆದು ಆಡುವ ಸೋಮಾರಿ ದನಿಗೆ ಮರುಳಾದ ವಿಮರ್ಶಕರೂ ಇದ್ದರು. ಕೊಂಡದ್ದು, ಮೆಚ್ಚಿದ್ದು, ಬೈದದ್ದು ಮೂರನ್ನೂ ಹೊರಬಲ್ಲ ಪದ ಯಾವುದು? "ಸ್ವೀಕಾರ" ಎಂದರೆ ಪ್ರಮಾಣವಚನ ನೆನಪಾಗುತ್ತದೆ. "ಪ್ರತಿಕ್ರಿಯೆ" ಪರವಾಗಿಲ್ಲ, ಆದರೆ ಸಪ್ಪೆ.

ಕೊನೆಗೆ "ಚೊಚ್ಚಲ". ಇದನ್ನು ತಿದ್ದದೆ ಉಳಿಸಿದ್ದಕ್ಕೆ ಉಪಸಂಪಾದಕರಿಗೆ ಕೃತಜ್ಞ. ಕೆಲವರು ಇಲ್ಲಿ "ಪದಾರ್ಪಣೆ" ಬರೆಯುತ್ತಾರೆ, ಎರಡೂ ಒಂದೇ ಎಂಬಂತೆ. ಸ್ನೂಪ್ ಕಾಲಿಟ್ಟದ್ದು 1992ರಲ್ಲಿ, ರ‍್ಯಾಪರ್ ಡಾ. ಡ್ರೇ ಹಾಡುಗಳಲ್ಲಿ ಜೊತೆ ದನಿಯಾಗಿ, ಅದು ಪದಾರ್ಪಣೆ. ಮರುವರ್ಷದ ಆಲ್ಬಂ ಆತನ ಹೆಸರಿನಲ್ಲಿ ಹುಟ್ಟಿದ ಮೊದಲ ಕೂಸು, ಹಾಗಾಗಿ ಚೊಚ್ಚಲ. ಹೆರಿಗೆ ಮನೆಯಿಂದ ಬಂದ ಪದಕ್ಕೆ ಈ ಸೂಕ್ಷ್ಮ ಗೊತ್ತು.

"ಅದ್ದೂರಿ ಸ್ವಾಗತ"ದ ಬದಲಿಗೆ ಸದ್ಯಕ್ಕೆ "ಜನ ಕಂಡ ಬಗೆ" ಎಂದು ಬರೆದಿಟ್ಟಿದ್ದೇನೆ. ತಲೆಬರಹದ ಅಗಲಕ್ಕೆ ಹಿಡಿಸುವುದಿಲ್ಲ ಎನ್ನುತ್ತಾರೆ. ಒಂದೇ ಪದದಲ್ಲಿ ಹೇಳಬಲ್ಲವರಿದ್ದರೆ ದಯವಿಟ್ಟು ತಿಳಿಸಿ. ಎರಡನೆಯ ಕಂತನ್ನು ಗುರುವಾರದೊಳಗೆ ಕೊಡಬೇಕಾಗಿದೆ.