ತಂಗಿಯ ಮುಖದ ಮೊಡವೆ: ಯಾರ ಮಾತು ಕೇಳಬೇಕು ತಿಳಿಯುತ್ತಿಲ್ಲ

ಗುಮ್ಮಟದೂರಿನ ಅಕ್ಕ, ವಿಜಯಪುರ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಯ ವಿಷಯ ಕೇಳಬೇಕಿತ್ತು. 17 ವರ್ಷ, ಇಲ್ಲೇ ಪಿಯುಸಿ ಎರಡನೇ ವರ್ಷ ಓದುತ್ತಿದ್ದಾಳೆ. ಒಂಬತ್ತನೇ ಕ್ಲಾಸಿನಿಂದ ಮೊಡವೆ ಇದೆ. ಮೊದಲು ಹಣೆ ಮೇಲೆ ಸಣ್ಣ ಗುಳ್ಳೆ ಅಷ್ಟೇ ಇತ್ತು, ಈಗ ಎರಡೂ ಕೆನ್ನೆ, ಗದ್ದದ ತನಕ ಬಂದಿದೆ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಶೇಂಗಾ ಹಿಂಡಿ ಬಿಡಿಸಿ, ಮೈಯಲ್ಲಿ ಉಷ್ಣ ಆಗಿದೆ ಅಂತ ಆಯಿ (ಅಜ್ಜಿ). ರಕ್ತ ಕೆಟ್ಟಿದೆ, ಬೇವಿನ ರಸ ಕುಡಿಸೋಣ ಅಂತ ಅವ್ವ. ಮುಖ ಸರಿಯಾಗಿ ತೊಳೆಯುವುದಿಲ್ಲ, ಧೂಳು ಕೂತು ಹೀಗಾಗಿದೆ ಅಂತ ವೈನಿ (ಅತ್ತಿಗೆ). ಪಕ್ಕದ ಮನೆಯವರು ಮದುವೆ ಆದರೆ ತಾನೇ ಹೋಗುತ್ತದೆ ಬಿಡಿ ಅನ್ನುತ್ತಾರೆ. ಇದನ್ನೆಲ್ಲ ಕೇಳಿ ಕೇಳಿ ಅವಳು ದಿನಕ್ಕೆ ಆರೇಳು ಸಲ ಸೋಪು ಹಚ್ಚಿ ಮುಖ ತೊಳೆಯುತ್ತಾಳೆ, ಕಡಲೆ ಹಿಟ್ಟು ಹಾಕಿ ಉಜ್ಜುತ್ತಾಳೆ, ಚರ್ಮ ಬಿರುಸಾಗಿ ಹೋಗಿದೆ.

ನಾಲ್ಕು ತಿಂಗಳ ಹಿಂದೆ ಗೆಳತಿಯೊಬ್ಬಳು ಒಂದು ಕ್ರೀಮಿನ ಹೆಸರು ಹೇಳಿದಳು. ಮೆಡಿಕಲ್‌ನಲ್ಲಿ ಕೇಳಿದ ತಕ್ಷಣ ಕೊಟ್ಟರು. ಎಂಟೇ ದಿನದಲ್ಲಿ ಮುಖ ಕನ್ನಡಿ ಹಾಗೆ ಆಯಿತು, ಬಣ್ಣ ಕೂಡ ತಿಳಿಯಾಯಿತು. ಅವಳ ಖುಷಿ ನೋಡಿ ನನಗೂ ಸಮಾಧಾನ ಆಗಿತ್ತು. ಆದರೆ ಈಗ ಎರಡು ದಿನ ಹಚ್ಚದೆ ಬಿಟ್ಟರೆ ಸಾಕು, ಮೊದಲಿಗಿಂತ ಜಾಸ್ತಿ ಗುಳ್ಳೆ ಏಳುತ್ತವೆ. ರೊಟ್ಟಿ ಬಡಿಯಲು ಒಲೆ ಮುಂದೆ ಕೂತರೆ ಕೆನ್ನೆ ಕೆಂಪಾಗಿ ಉರಿ ಉರಿ ಅನ್ನುತ್ತಾಳೆ. ಮೊನ್ನೆ ಕಿಟಕಿ ಬೆಳಕಲ್ಲಿ ಹತ್ತಿರದಿಂದ ನೋಡಿದೆ, ಕೆನ್ನೆ ಮೇಲೆ ಕೂದಲಿನಂಥ ಸಣ್ಣ ಕೆಂಪು ನರಗಳು ಕಾಣುತ್ತಿದ್ದವು, ಕಿವಿಯ ಮುಂದೆ ರೋಮ ಕೂಡ ದಟ್ಟವಾಗಿ ಬೆಳೆದಿತ್ತು. ಕಾಲೇಜಿಗೆ ಓಢಣಿ ಮುಖಕ್ಕೆ ಸುತ್ತಿಕೊಂಡೇ ಹೋಗುತ್ತಾಳೆ. ಅಕ್ಕಾ, ನಾನು ಅಷ್ಟು ಹೊಲಸು ಇದ್ದೀನಾ ಅಂತ ಕೇಳಿದಳು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಈ ಕ್ರೀಮು ನಿಲ್ಲಿಸಬೇಕಾ, ಮುಂದುವರಿಸಬೇಕಾ? ಡಾಕ್ಟರ ಹತ್ತಿರ ಹೋದರೆ ಸ್ಟ್ರಾಂಗ್ ಮಾತ್ರೆ ಕೊಡುತ್ತಾರೆ, ಗರ್ಭಕೋಶ ಹಾಳಾಗುತ್ತದೆ ಅಂತ ಹೆದರಿಸುತ್ತಾರೆ. ನಿಜಾನಾ?

ಮೆಡಿಕಲ್ ಅಣ್ಣ, ಬಾಗಲಕೋಟೆ

ತಂಗೀ, ಮೊದಲು ಆ ಟ್ಯೂಬ್ ತೆಗೆದುಕೊಂಡು ಹಿಂದೆ ಸಣ್ಣ ಅಕ್ಷರದಲ್ಲಿ ಏನಿದೆ ಓದಿ ಇಲ್ಲಿ ಬರೆಯಿರಿ. ಕ್ಲೋಬೆಟಾಸಾಲ್, ಬೀಟಾಮೆಥಾಸೋನ್, ಮೊಮೆಟಾಸೋನ್, ಇವುಗಳಲ್ಲಿ ಯಾವುದೇ ಒಂದು ಇದ್ದರೆ ಅದು ಸ್ಟೀರಾಯ್ಡ್ ಮುಲಾಮು. ನೀವು ಬರೆದ ಲಕ್ಷಣ ನೋಡಿದರೆ ನನಗೆ ಅದೇ ಅನುಮಾನ. ಎಂಟು ದಿನದಲ್ಲಿ ಮುಖ ತಿಳಿಯಾಗುವುದು, ಬಿಟ್ಟರೆ ಉರಿಯುವುದು, ನರ ಕಾಣುವುದು, ರೋಮ ಬೆಳೆಯುವುದು, ಇದನ್ನು ನಾನು ಕೌಂಟರ್‌ನಲ್ಲಿ ನಿಂತು ಎಷ್ಟೋ ಮುಖಗಳ ಮೇಲೆ ನೋಡಿದ್ದೇನೆ.

ಸ್ಟೀರಾಯ್ಡ್ ಕೆಂಪು, ಬಾವು ಎರಡನ್ನೂ ಬೇಗ ಅಡಗಿಸುತ್ತದೆ, ಅದಕ್ಕೇ ಜನಕ್ಕೆ ಇದೇ ಒಳ್ಳೆ ಔಷಧಿ ಅನ್ನಿಸುತ್ತದೆ. ಮೊಡವೆಯ ಮೂಲಕ್ಕೆ ಅದು ಏನೂ ಮಾಡುವುದಿಲ್ಲ. ದಿನಾ ಹಚ್ಚುತ್ತಾ ಹೋದರೆ ಚರ್ಮ ತೆಳ್ಳಗಾಗುತ್ತದೆ, ಮೇಲೆ ಸ್ಟೀರಾಯ್ಡಿನಿಂದಲೇ ಹೊಸ ಮೊಡವೆ ಹುಟ್ಟುತ್ತವೆ. ಬೆಳ್ಳಗಾಗಲು ಅಂತ ಹಚ್ಚುವ ಕೆಲವು ಟ್ಯೂಬುಗಳಲ್ಲಿ ಸ್ಟೀರಾಯ್ಡ್, ಬಣ್ಣ ತಿಳಿ ಮಾಡುವ ಹೈಡ್ರೋಕ್ವಿನೋನ್, ಸಿಪ್ಪೆ ಏಳಿಸುವ ಟ್ರೆಟಿನಾಯಿನ್ ಮೂರೂ ಸೇರಿರುತ್ತವೆ. ಅದು ಬಂಗಿನ ಕಲೆಗೆ ವೈದ್ಯರು ಸ್ವಲ್ಪ ದಿನಕ್ಕೆ ಅಂತ ಬರೆದುಕೊಡುವ ಔಷಧಿ, ದಿನಾ ಹಚ್ಚುವ ಫೇಸ್ ಕ್ರೀಮ್ ಅಲ್ಲ.

2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಅಂದರೆ ಡಾಕ್ಟರ ಚೀಟಿ ಇಲ್ಲದೆ ಕೊಡುವಂತಿಲ್ಲ. ಆದರೂ ಕೊಡುತ್ತಾರೆ, ಇದು ನಮ್ಮ ಕಸುಬಿನವರ ತಪ್ಪು ಅಂತ ನೇರವಾಗಿ ಹೇಳುತ್ತೇನೆ. ನನ್ನ ಹತ್ತಿರ ಬಂದು ಬೈದರೂ ಪರವಾಗಿಲ್ಲ, ಚೀಟಿ ಇಲ್ಲದೆ ನಾನು ಕೊಡುವುದಿಲ್ಲ.

ಚರ್ಮದ ಡಾಕ್ಟರಿಗೆ ತೋರಿಸುವುದನ್ನು ಈ ವಾರ ಬಿಟ್ಟು ಮುಂದಕ್ಕೆ ಹಾಕಬೇಡಿ. ಟ್ಯೂಬು ಜೊತೆಗೇ ಒಯ್ಯಿರಿ. ನಾಲ್ಕು ತಿಂಗಳು ಹಚ್ಚಿದ್ದನ್ನು ಬಿಟ್ಟ ಕೂಡಲೇ ಕೆಲವು ವಾರ ಮುಖ ಜಾಸ್ತಿ ಕೆರಳುತ್ತದೆ, ಅದನ್ನು ಹೇಗೆ ಬಿಡಿಸಬೇಕು ಅಂತ ಅವರಿಗೆ ಗೊತ್ತಿರುತ್ತದೆ. ಆ ಉರಿಗೆ ಹೆದರಿ ಮತ್ತೆ ಅದೇ ಟ್ಯೂಬ್ ಕೈಗೆತ್ತಿಕೊಂಡರೆ ಅದರಿಂದ ಹೊರಗೆ ಬರುವುದು ಕಷ್ಟ.

ಇಂಡಿ ಕಡೆಯವ

ಅಕ್ಕಾರೆ, ಕ್ರೀಮು ಗೀಮು ಯಾಕೆ? ನಮ್ಮ ಇಂಡಿ ಲಿಂಬೆ ಅಂದರೆ ಎಲ್ಲ ಕಡೆ ಹೆಸರು, ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಅರ್ಧ ಲಿಂಬೆಹಣ್ಣಿನ ರಸಕ್ಕೆ ಚಿಟಿಕೆ ಅರಿಶಿಣ ಹಾಕಿ ರಾತ್ರಿ ಹಚ್ಚಲು ಹೇಳಿ. ನನಗೆ ಹಾಗೇ ಹೋಯಿತು. ಗುಳ್ಳೆ ಹಣ್ಣಾದರೆ ಚೊಕ್ಕಟ ಪಿನ್ನಿನಿಂದ ಒಡೆದು ಮೇಲೆ ಟೂತ್‌ಪೇಸ್ಟ್ ಇಟ್ಟರೆ ಬೆಳಿಗ್ಗೆಗೆ ಒಣಗುತ್ತದೆ.

ಚರ್ಮ ವಿಭಾಗದ ಪಿಜಿ, ಬೆಳಗಾವಿ

ನಾನು ಚರ್ಮರೋಗ ವಿಭಾಗದಲ್ಲಿ ಪಿಜಿ ಓದುತ್ತಿದ್ದೇನೆ. ಮೇಲಿನ ಮೆಡಿಕಲ್ ಅಣ್ಣ ಹೇಳಿದ್ದು ಅಕ್ಷರಶಃ ಸರಿ. ಪಿನ್ನು, ಲಿಂಬೆ, ಪೇಸ್ಟು ಮೂರನ್ನೂ ದಯವಿಟ್ಟು ಬೇಡ ಅನ್ನಿ, ಅದರಲ್ಲೂ ಈ ಹುಡುಗಿಯ ತೆಳ್ಳಗಾದ ಚರ್ಮಕ್ಕೆ. ಚರ್ಮದ ಪಿಎಚ್ ಸುಮಾರು 5 ಇರುತ್ತದೆ, ಲಿಂಬೆ ರಸದ್ದು 2ರ ಹತ್ತಿರ (ಅಂಕಿ ಕಡಿಮೆ ಆದಷ್ಟೂ ಹುಳಿ ಜಾಸ್ತಿ). ಅದು ಸುಡುತ್ತದೆ. ಲಿಂಬೆ ಹತ್ತಿದ ಚರ್ಮದ ಮೇಲೆ ಬಿಸಿಲು ಬಿದ್ದರೆ ಬೊಬ್ಬೆ ಎದ್ದು ಕಪ್ಪು ಕಲೆ ಉಳಿಯುವುದೂ ಇದೆ. ವಿಜಯಪುರದ ಏಪ್ರಿಲ್ ಬಿಸಿಲು ನಿಮಗೇ ಗೊತ್ತಲ್ವಾ. ಗುಳ್ಳೆ ಹಿಚುಕಿದರೆ ಕೀವಿನ ಅರ್ಧ ಒಳಗೇ ಒಡೆದು ಹರಡುತ್ತದೆ, ಗುಂಡಿ ಬೀಳುವುದು ಬಹಳ ಸಲ ಹೀಗೆಯೇ.

ಈಗ ಹೊಲಸಿನ ಮಾತು. ಅಕ್ಕಾ, ಇದನ್ನು ನಿಮ್ಮ ತಂಗಿಗೆ ಓದಿ ಹೇಳಿ. ಮೊಡವೆ ಹುಟ್ಟುವುದು ಚರ್ಮದ ಒಳಗೆ. ಕೂದಲಿನ ಬುಡದಲ್ಲಿ ಜಿಡ್ಡು ಮಾಡುವ ಗ್ರಂಥಿ ಇರುತ್ತದೆ. ಹರೆಯದಲ್ಲಿ ಹಾರ್ಮೋನು ಏರಿದಾಗ ಅದು ಜಾಸ್ತಿ ಜಿಡ್ಡು ಬಿಡುತ್ತದೆ. ಅದೇ ಹೊತ್ತಿಗೆ ಆ ರಂಧ್ರದ ಒಳಪದರದ ಸತ್ತ ಕಣಗಳು ಉದುರಿ ಹೊರಗೆ ಬರದೆ ಒಂದಕ್ಕೊಂದು ಅಂಟಿಕೊಂಡು ಬೂಚಿನ ಹಾಗೆ ಕೂರುತ್ತವೆ. ಒಳಗೆ ಜಿಡ್ಡು ಕಟ್ಟುತ್ತದೆ, ಎಲ್ಲರ ಚರ್ಮದ ಮೇಲೂ ಇರುವ ಒಂದು ಬ್ಯಾಕ್ಟೀರಿಯಾ ಅಲ್ಲಿ ಬೆಳೆಯುತ್ತದೆ, ಸುತ್ತ ಬಾವು ಬರುತ್ತದೆ. ಇಷ್ಟೇ ಕಥೆ. ಮೂಗಿನ ಮೇಲಿನ ಕಪ್ಪು ಚುಕ್ಕೆ ಕೂಡ ಧೂಳಲ್ಲ. ಬಾಯಿ ತೆರೆದ ರಂಧ್ರದಲ್ಲಿ ಕೂತ ಬೂಚು ಅದು, ಅದರಲ್ಲಿರುವ ಮೆಲನಿನ್ ಎಂಬ ಬಣ್ಣಕ್ಕೆ ಗಾಳಿ ತಾಗಿ ಕಪ್ಪಾಗಿರುತ್ತದೆ. ತಿಕ್ಕಿದರೆ ಹೋಗುವುದಿಲ್ಲ. ದಿನಕ್ಕೆ ಎರಡು ಸಲ, ಮೆತ್ತನೆಯ ಫೇಸ್‌ವಾಶ್, ಕೈಬೆರಳು, ಸಾದಾ ನೀರು, ಸಾಕು. ಆರು ಸಲ ಸೋಪು ಹಚ್ಚಿ ಉಜ್ಜಿದ್ದಕ್ಕೇ ಚರ್ಮ ಬಿರುಸಾಗಿದೆ.

ಶೇಂಗಾ ಬಿಡಿಸುವುದು ಬೇಡ. ಶೇಂಗಾದಿಂದ, ಉಷ್ಣದಿಂದ, ಕೆಟ್ಟ ರಕ್ತದಿಂದ ಮೊಡವೆ ಬರುತ್ತದೆ ಅನ್ನಲು ಆಧಾರ ಇಲ್ಲ. ಹಾಗಂತ ಊಟಕ್ಕೂ ಮೊಡವೆಗೂ ಸಂಬಂಧವೇ ಇಲ್ಲ ಅಂತಲೂ ಅಲ್ಲ. ರಕ್ತದಲ್ಲಿ ಸಕ್ಕರೆ ಬೇಗ ಏರಿಸುವ ತಿಂಡಿ, ಅಂದರೆ ಮೈದಾ, ಬೇಕರಿ ಐಟಂ, ತಂಪು ಪಾನೀಯ, ಇವು ಕೆಲವರಿಗೆ ಮೊಡವೆ ಹೆಚ್ಚಿಸುತ್ತವೆ. ಹಾಲಿನ ಬಗ್ಗೆಯೂ ಅಧ್ಯಯನಗಳಲ್ಲಿ ಸ್ವಲ್ಪ ಸಂಬಂಧ ಕಂಡಿದೆ. ಜಿಮ್ ಹುಡುಗರು ಹಾಲಿನಿಂದ ಮಾಡುವ ವೇ ಪ್ರೋಟೀನ್ ಪುಡಿ ಶುರು ಮಾಡಿದ ಮೇಲೆ ಬೆನ್ನ ತುಂಬ ಗುಳ್ಳೆ ಎದ್ದು ನಮ್ಮಲ್ಲಿಗೆ ಬರುತ್ತಾರೆ. ಜೋಳದ ರೊಟ್ಟಿ, ಪಲ್ಯ, ಶೇಂಗಾ ಹಿಂಡಿ ಆರಾಮಾಗಿ ತಿನ್ನಲಿ. ತಲೆಗೆ ಎಣ್ಣೆ ಹಚ್ಚುವುದಾದರೆ ಹಣೆಗೆ ಇಳಿಯದ ಹಾಗೆ ನೋಡಿಕೊಳ್ಳಲಿ. ಮುಖಕ್ಕೆ ಕೊಬ್ಬರಿ ಎಣ್ಣೆ ಬೇಡ.

ಔಷಧಿ ಯಾವುದು ಅಂತ ಅವಳ ಮುಖ ನೋಡಿದ ವೈದ್ಯರೇ ಹೇಳಬೇಕು. ಒಂದು ಮಾತು ಮಾತ್ರ ಮೊದಲೇ ತಿಳಿದಿರಲಿ. ಮೊಡವೆಯ ಸರಿಯಾದ ಔಷಧಿ ನಿಧಾನ. ಅಡಾಪಲೀನ್ ಆಗಲಿ ಬೆಂಜಾಯಿಲ್ ಪೆರಾಕ್ಸೈಡ್ ಆಗಲಿ, ಫಲ ಕಾಣಲು 8ರಿಂದ 12 ವಾರ ಬೇಕು. ಅಡಾಪಲೀನ್ ರಾತ್ರಿ ಹಚ್ಚುವುದು, ಬಟಾಣಿ ಕಾಳಿನಷ್ಟು ತೆಗೆದು ಇಡೀ ಮುಖಕ್ಕೆ, ಗುಳ್ಳೆ ಮೇಲೆ ಮಾತ್ರ ಚುಕ್ಕೆ ಇಡುವುದಲ್ಲ. ಯಾಕೆಂದರೆ ನಾಳೆ ಏಳುವ ಗುಳ್ಳೆ ಇವತ್ತೇ ಒಳಗೆ ಕೂತಿರುತ್ತದೆ. ಮೊದಲ ಎರಡು ಮೂರು ವಾರ ಸಿಪ್ಪೆ ಏಳುತ್ತದೆ, ಕೆಲವರಿಗೆ ಗುಳ್ಳೆ ಜಾಸ್ತಿ ಆದ ಹಾಗೂ ಕಾಣುತ್ತದೆ. ಬಹಳ ಜನ ಔಷಧಿ ಬಿಡುವುದು ಇಲ್ಲೇ. ಬೆಂಜಾಯಿಲ್ ಪೆರಾಕ್ಸೈಡ್ 2.5 ಪರ್ಸೆಂಟ್ ಇದ್ದರೂ 10 ಪರ್ಸೆಂಟಿನಷ್ಟೇ ಕೆಲಸ ಮಾಡುತ್ತದೆ, ಉರಿ ಕಡಿಮೆ. ಬಟ್ಟೆಯ ಬಣ್ಣ ತೆಗೆಯುತ್ತದೆ, ಓಢಣಿ ಜೋಪಾನ. ಆಂಟಿಬಯೋಟಿಕ್ ಜೆಲ್ ಒಂದನ್ನೇ ತಿಂಗಳುಗಟ್ಟಲೆ ಹಚ್ಚುವುದೂ ತಪ್ಪು, ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದ ಹಾಗಾಗುತ್ತದೆ.

ಗರ್ಭಕೋಶದ ಹೆದರಿಕೆ ಐಸೊಟ್ರೆಟಿನಾಯಿನ್ ಮಾತ್ರೆಯಿಂದ ಬಂದದ್ದು. ಅದನ್ನು ಎಲ್ಲರಿಗೂ ಕೊಡುವುದಿಲ್ಲ, ಗಂಟು ಗಂಟಾದ, ಕಲೆ ಬೀಳುವ ಮೊಡವೆಗೆ, ಬೇರೆ ಔಷಧಿಗೆ ಬಗ್ಗದ ಮೊಡವೆಗೆ ಕೊಡುತ್ತಾರೆ. ಅಮೆರಿಕದಲ್ಲಿ 1982ರಿಂದ ಬಳಕೆಯಲ್ಲಿದೆ. ಮಾತ್ರೆ ನುಂಗುವ ಅವಧಿಯಲ್ಲಿ ಗರ್ಭ ನಿಂತರೆ ಮಗುವಿಗೆ ತುಂಬ ಅಪಾಯ, ಇದರಲ್ಲಿ ರಾಜಿಯೇ ಇಲ್ಲ. ನಿಲ್ಲಿಸಿ ಒಂದು ತಿಂಗಳಾದ ಮೇಲೆ ಆ ಅಪಾಯ ಇರುವುದಿಲ್ಲ. ಗರ್ಭಕೋಶ ಹಾಳಾಗುತ್ತದೆ, ಮುಂದೆ ಮಕ್ಕಳಾಗುವುದಿಲ್ಲ ಅನ್ನುವುದು ಸುಳ್ಳು.

ಟಿಳಕವಾಡಿಯಿಂದ

ನಾನು ಮದುವೆಯಾಗಿ ಆರು ವರ್ಷ, 31 ವಯಸ್ಸು. ಮದುವೆ ಆದರೆ ಹೋಗುತ್ತದೆ ಅಂತ ನನಗೂ ಹೇಳಿದ್ದರು. ಹೋಗಲಿಲ್ಲ, ಜಾಸ್ತಿ ಆಯಿತು. ಗದ್ದದ ಸುತ್ತ, ದವಡೆಯ ಗೆರೆ ಉದ್ದಕ್ಕೂ, ಮುಟ್ಟಿದರೆ ನೋಯುವ ಗಂಟು. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುತ್ತಿತ್ತು, ಆದರೆ ಅದಕ್ಕೂ ಮುಖದ ಮೊಡವೆಗೂ ಗಂಟು ಹಾಕಿ ನೋಡಿದವರು ಯಾರೂ ಇರಲಿಲ್ಲ. ಕೊನೆಗೆ ಚರ್ಮದ ಡಾಕ್ಟರೇ ಕೇಳಿದ್ದು. ಸ್ಕ್ಯಾನ್, ರಕ್ತ ಪರೀಕ್ಷೆ ಆದ ಮೇಲೆ ಪಿಸಿಒಎಸ್, ಅಂದರೆ ಮುಟ್ಟು ಏರುಪೇರಾಗುವ ಹಾರ್ಮೋನಿನ ತೊಂದರೆ, ಅಂತ ಗೊತ್ತಾಯಿತು. ತಂಗಿಗೆ ಮುಟ್ಟು ಸರಿಯಾಗಿ ಬರುತ್ತಿದೆಯಾ, ಗದ್ದದ ಮೇಲೆ ಒರಟು ಕೂದಲು ಬರುತ್ತಿದೆಯಾ ಕೇಳಿ ನೋಡಿ. ಕಿವಿ ಹತ್ತಿರದ ರೋಮ ಕ್ರೀಮಿನದೇ ಇರಬಹುದು, ಆದರೂ ಡಾಕ್ಟರಿಗೆ ಹೇಳಿ.

ಆ ಐಸೊಟ್ರೆಟಿನಾಯಿನ್ ನಾನು ಏಳು ತಿಂಗಳು ತೆಗೆದುಕೊಂಡಿದ್ದೇನೆ. ತುಟಿ ಒಡೆದು ರೊಟ್ಟಿ ತಿನ್ನಲು ಬಾಯಿ ತೆರೆದರೆ ರಕ್ತ ಬರುತ್ತಿತ್ತು, ದಿನಕ್ಕೆ ಹತ್ತು ಸಲ ವ್ಯಾಸಲಿನ್ ಹಚ್ಚಿದ್ದೇನೆ. ಆಗಾಗ ಲಿವರ್, ಕೊಲೆಸ್ಟ್ರಾಲ್ ಪರೀಕ್ಷೆ. ನಿಲ್ಲಿಸಿದ ಮೇಲೆ ಒಂದೂವರೆ ವರ್ಷಕ್ಕೆ ಮಗಳು ಹುಟ್ಟಿದಳು, ಆರೋಗ್ಯವಾಗಿದ್ದಾಳೆ.

ಇನ್ನೊಂದು ವಿಷಯ. ಮೊಡವೆ ಹೋದ ಜಾಗದ ಕಂದು ಕಲೆ ಮತ್ತು ಗುಂಡಿ ಎರಡೂ ಬೇರೆ. ಕಲೆ ತಿಂಗಳುಗಳಲ್ಲಿ ತಾನೇ ಮಾಸುತ್ತದೆ, ಬಿಸಿಲಿಗೆ ಸನ್‌ಸ್ಕ್ರೀನ್ ಹಚ್ಚಿದರೆ ಬೇಗ. ಗುಂಡಿ ಯಾವ ಕ್ರೀಮಿಗೂ ತುಂಬುವುದಿಲ್ಲ. ನನ್ನ ಎಡಗೆನ್ನೆಯಲ್ಲಿ ಮೂರು ಇವೆ, ಮೂರೂ ನಾನೇ ಹಿಚುಕಿದ ಜಾಗ.

ಇಂಡಿ ಕಡೆಯವ

ಪಿಜಿ ಮೇಡಂ ಅಥವಾ ಸರ್, ಓದಿದೆ. ನನಗೆ ಹೋದದ್ದು ಲಿಂಬೆಯಿಂದಲೋ ವಯಸ್ಸು ದಾಟಿದ್ದರಿಂದಲೋ ಈಗ ಯೋಚನೆ ಬರುತ್ತಿದೆ. ನನ್ನ ತಮ್ಮನಿಗೂ ಇದನ್ನೇ ಹೇಳಿಕೊಟ್ಟಿದ್ದೆ, ಇವತ್ತೇ ಫೋನ್ ಮಾಡಿ ಬೇಡ ಅನ್ನುತ್ತೇನೆ. ಅವನಿಗೆ ನಿಶ್ಶಕ್ತಿಗೆ ಅಂತ ಬಿ12 ಇಂಜೆಕ್ಷನ್ ಹಾಕಿಸಿದ ಮೇಲೆ ಎದೆ ಬೆನ್ನಿನ ಮೇಲೆ ಒಂದೇ ತರಹದ ಗುಳ್ಳೆ ಎದ್ದಿವೆ, ಅದಕ್ಕೂ ಸಂಬಂಧ ಇದೆಯಾ?

ಚರ್ಮ ವಿಭಾಗದ ಪಿಜಿ, ಬೆಳಗಾವಿ

ಇರಬಹುದು. ಬಿ12ನಿಂದ ಹಾಗೆ ಗುಳ್ಳೆ ಏಳುವುದುಂಟು. ತುರಿಕೆ ಜಾಸ್ತಿ ಇದ್ದರೆ ಅದು ಮೊಡವೆಯೇ ಅಲ್ಲದೆ ಶಿಲೀಂಧ್ರದ ಸೋಂಕು ಕೂಡ ಆಗಿರಬಹುದು, ಅದರ ಔಷಧಿ ಬೇರೆ. ಇಂಜೆಕ್ಷನ್ ಬರೆದವರಿಗೆ ತಿಳಿಸಿ, ಚರ್ಮದವರಿಗೂ ಒಮ್ಮೆ ತೋರಿಸಿ.

ಗುಮ್ಮಟದೂರಿನ ಅಕ್ಕ, ವಿಜಯಪುರ

ಎಲ್ಲರಿಗೂ ಕೈ ಮುಗಿಯುತ್ತೇನೆ. ಟ್ಯೂಬಿನ ಹಿಂದೆ ಕ್ಲೋಬೆಟಾಸಾಲ್ ಅಂತಲೇ ಇತ್ತು, ಮೆಡಿಕಲ್ ಅಣ್ಣ ಹೇಳಿದ ಹಾಗೆಯೇ. ಕೆಂಪು ಗೆರೆ ಇತ್ತು, ವೈದ್ಯರ ಚೀಟಿ ಮೇಲೆ ಮಾತ್ರ ಅಂತಲೂ ಬರೆದಿತ್ತು. ನಾಲ್ಕು ತಿಂಗಳು ನಮ್ಮ ಕಪಾಟಿನಲ್ಲೇ ಇತ್ತು, ನಾನು ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ.

ಸೋಮವಾರ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಟ್ಯೂಬ್ ತೆಗೆದಿಟ್ಟುಕೊಂಡರು, ಮತ್ತೆ ಮುಟ್ಟಬಾರದು ಅಂದರು. ಉರಿಗೆ ಒಂದು ಮುಲಾಮು, ಬರೇ ಮಾಯಿಶ್ಚರೈಸರ್, ಸನ್‌ಸ್ಕ್ರೀನ್, ಆರು ವಾರಕ್ಕೆ ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯೋಟಿಕ್ ಮಾತ್ರೆ. ಮಾತ್ರೆಯನ್ನು ಊಟ ಆದ ಮೇಲೆ ದೊಡ್ಡ ಲೋಟ ನೀರಿನ ಜೊತೆ ನುಂಗಬೇಕು, ನುಂಗಿ ತಕ್ಷಣ ಮಲಗಬಾರದು. ಮೊಡವೆಯ ಜೆಲ್ ಈಗಲೇ ಬೇಡ, ಚರ್ಮ ಸುಧಾರಿಸಲಿ ಅಂದರು. ಮುಟ್ಟಿನ ಬಗ್ಗೆಯೂ ಕೇಳಿದರು, ಅದು ಸರಿಯಾಗಿದೆ.

ಇವತ್ತಿಗೆ ಐದನೇ ದಿನ. ಮುಖ ಕೆಂಪಾಗಿ ಊದಿಕೊಂಡಿದೆ, ರಾತ್ರಿ ಉರಿಗೆ ಅತ್ತಳು. ಅವ್ವನಿಗೂ ಆಯಿಗೂ ಪಿಜಿ ಬರೆದದ್ದನ್ನು ಓದಿ ಹೇಳಿದೆ. ಆಯಿ ಏನೂ ಮಾತಾಡಲಿಲ್ಲ, ಎದ್ದು ಹೋಗಿ ತಂಗಿಯ ತಾಟಿಗೆ ಒಂದು ಚಮಚ ಶೇಂಗಾ ಹಿಂಡಿ ಹಾಕಿ ಮೇಲೆ ಮೊಸರು ಬಿಟ್ಟರು. ಒಲೆ ಮುಂದೆ ಈಗ ನಾನು ಕೂರುತ್ತೇನೆ, ರೊಟ್ಟಿ ಬಡಿಯುವುದು ಅವಳಿಗೆ ಸದ್ಯಕ್ಕೆ ಬೇಡ. ಮತ್ತೆ ತೋರಿಸಲು ಎರಡು ವಾರ ಬಿಟ್ಟು ಬರಲು ಹೇಳಿದ್ದಾರೆ, ಹೋಗಿ ಬಂದು ಇಲ್ಲೇ ಬರೆಯುತ್ತೇನೆ.