ತರಕಾರಿ, ಹಣ್ಣು ತಾಜಾ ಇದೆಯಾ ಅಂತ ಅಂಗಡಿಯಲ್ಲೇ ತಿಳಿಯೋದು ಹೇಗೆ? ಅನುಭವ ಇರೋರು ಹೇಳಿ

ಕೇಳಿದವರು, ಬೆಂಗಳೂರಿನಿಂದ

ಎಲ್ಲರಿಗೂ ನಮಸ್ಕಾರ. ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದು ರೂಮ್ ಮಾಡಿಕೊಂಡಿದ್ದೇನೆ, ಅಡುಗೆ ನಾನೇ ಮಾಡಿಕೊಳ್ತೇನೆ. ತರಕಾರಿ ಆರಿಸೋದೇ ದೊಡ್ಡ ಕಷ್ಟವಾಗಿದೆ. ನೋಡೋಕೆ ಫಳಫಳ ಅನ್ನೋ ಬದನೆಕಾಯಿ ತಂದು ಹೆಚ್ಚಿದರೆ ಒಳಗೆ ಹುಳ. ಸೊಪ್ಪು ಮಾರನೇ ದಿನಕ್ಕೇ ಲೋಳೆ. ಬೆಂಡೆಕಾಯಿ ಬೆಂದರೂ ನಾರು ನಾರು. ಊರಲ್ಲಿ ಅಮ್ಮ ಒಂದು ನೋಟಕ್ಕೇ ಆರಿಸಿಬಿಡ್ತಾರೆ. ಫೋನಿನಲ್ಲಿ ಕೇಳಿದರೆ "ಕೈಗೆ ಗೊತ್ತಾಗುತ್ತೆ ಕಣೋ" ಅಂತಾರೆ. ಕೈಗೆ ಗೊತ್ತಾಗೋದು ಅಂದರೆ ಏನು ಅಂತ ಬಿಡಿಸಿ ಹೇಳ್ತೀರಾ?

ಮೈಸೂರಿನಿಂದ

ತಮ್ಮಾ, ತರಕಾರಿಯ ಮೈ ನೋಡಿ ಕೊಳ್ಳಬೇಡಪ್ಪ, ತೊಟ್ಟು ನೋಡಿ ಕೊಳ್ಳು. ದೇವರಾಜ ಮಾರುಕಟ್ಟೆಯಲ್ಲಿ ನಮ್ಮತ್ತೆ ಹಿಂದೆ ಚೀಲ ಹಿಡಿದು ಓಡಾಡಿ ಕಲಿತದ್ದರಲ್ಲಿ ಇದೇ ಮುಖ್ಯ. ಮೈಗೆ ನೀರು ಚಿಮುಕಿಸ್ತಾರೆ, ಒದ್ದೆ ಗೋಣಿ ಹೊದಿಸ್ತಾರೆ, ಒರೆಸಿ ಹೊಳಪು ಬರಿಸ್ತಾರೆ. ಮಾರೋರದ್ದು ತಪ್ಪು ಅನ್ನಲ್ಲ, ಬಿಸಿಲಿಗೆ ಬಾಡದೇ ಇರಲಿ ಅಂತ ಮಾಡಲೇಬೇಕು. ಆದರೆ ಗಿಡದಿಂದ ಕೊಯ್ದ ಜಾಗಕ್ಕೆ ಮತ್ತೆ ಹಸಿರು ತರಿಸೋಕೆ ಯಾರಿಗೂ ಆಗಲ್ಲ. ಕಾಯಿ ಕಿತ್ತ ಮೇಲೂ ಉಸಿರಾಡ್ತಾನೇ ಇರುತ್ತೆ, ಒಳಗಿನ ನೀರು ಆರ್ತಾನೇ ಇರುತ್ತೆ, ಬೇರಿಂದ ಬರೋ ನೀರು ಮಾತ್ರ ನಿಂತುಹೋಗಿರುತ್ತೆ. ಆ ಬತ್ತೋದು ಮೊದಲು ಕಾಣೋದು ತೊಟ್ಟಲ್ಲಿ.

ನೀನು ಬದನೆಕಾಯಿ ಕೇಳಿದೀಯ, ಅದನ್ನೇ ಹೇಳ್ತೀನಿ. ಒಂದು ಕಾಯಿ ಕೈಗೆ ತಗೊಂಡು ತೊಟ್ಟಿನ ಟೋಪಿ ನೋಡು. ಹೊಸದಾದರೆ ಟೋಪಿ ಹಸಿರಾಗಿ, ಕಾಯಿಗೆ ಬಿಗಿಯಾಗಿ ಅಂಟಿಕೊಂಡಿರುತ್ತೆ, ಮುಳ್ಳಿದ್ದರೆ ಬೆರಳಿಗೆ ಚುಚ್ಚುತ್ತೆ. ಹಳೇದಾದರೆ ಅಂಚು ಕಂದುಬಣ್ಣಕ್ಕೆ ತಿರುಗಿ, ಒಣಗಿ ಮೇಲೆದ್ದಿರುತ್ತೆ. ಆಮೇಲೆ ಹೆಬ್ಬೆರಳಿಂದ ಮೆತ್ತಗೆ ಒತ್ತು. ಕೈ ತೆಗೆದ ತಕ್ಷಣ ಗುಳಿ ಎದ್ದರೆ ಸರಿ, ಗುಳಿ ಹಾಗೇ ನಿಂತರೆ ಬಿಡು. ಈ ಎರಡರಲ್ಲೂ ಪಾಸಾದ ಮೇಲೆ ಒಂದೇ ಗಾತ್ರದ ಎರಡು ಕಾಯಿ ಎರಡು ಕೈಯಲ್ಲಿ ತೂಗಿ ನೋಡು. ಹಗುರವಾಗಿರೋದು ಎಳೇದು. ಭಾರ ಇರೋದರಲ್ಲಿ ಬೀಜ ಬಲಿತಿರುತ್ತೆ, ಎಣ್ಣೆಗಾಯಿ ಮಾಡಿದರೆ ಕಹಿ ಬರುತ್ತೆ.

ಹುಳದ ವಿಷಯ. ತೂತು ಇಲ್ಲದ ಕಾಯಿ ತಂದರೂ ಹುಳ ಬಂತು ಅಂತ ತುಂಬ ಜನ ಹೇಳ್ತಾರೆ. ಮರಿಹುಳ ಇನ್ನೂ ಸಣ್ಣದಿರುವಾಗಲೇ ಎಳೆಕಾಯಿಯ ಒಳಗೆ ಹೊಕ್ಕಿರುತ್ತೆ, ಸಾಮಾನ್ಯವಾಗಿ ಟೋಪಿಯ ಅಡಿಯಿಂದಲೇ. ಕಾಯಿ ಬೆಳೆದಂತೆ ಆ ತೂತು ಮುಚ್ಚಿಕೊಳ್ಳುತ್ತೆ. ನಮ್ಮ ಕಣ್ಣಿಗೆ ಬೀಳೋ ದೊಡ್ಡ ತೂತು ಹುಳ ತಿಂದು ಹೊರಗೆ ಹೋದ ದಾರಿ. ಅದಕ್ಕೇ ಎಷ್ಟೇ ಚೆನ್ನಾಗಿ ಆರಿಸಿದರೂ ಒಂದೆರಡು ಹುಳುಕು ಬಂದೇ ಬರುತ್ತೆ, ಬೇಜಾರು ಮಾಡಿಕೋಬೇಡ. ಇಡಿಯಾಗಿ ಹಾಕೋ ಅಡುಗೆಗೆ ನಾಲ್ಕು ಸೀಳು ಮಾಡಿ ಒಳಗೆ ಬಿಡಿಸಿ ನೋಡಿಯೇ ಹಾಕು.

ಬೆಂಡೆಕಾಯಿ ತುದಿ ಮುರಿದು ನೋಡು ಅಂತ ಎಲ್ಲರೂ ಹೇಳ್ತಾರೆ. ದಯವಿಟ್ಟು ಹಾಗೆ ಮಾಡಬೇಡ. ತುದಿ ಮುರಿದ ಕಾಯಿ ಕಪ್ಪಾಗುತ್ತೆ, ಅದನ್ನ ಆಮೇಲೆ ಯಾರೂ ಕೊಳ್ಳಲ್ಲ, ನಷ್ಟ ಗಾಡಿಯವರ ತಲೆಗೆ. ತುದಿಯನ್ನ ಬೆರಳಲ್ಲಿ ಸ್ವಲ್ಪ ಬಗ್ಗಿಸಿದರೆ ಸಾಕು. ಎಳೇದು ಇನ್ನೇನು ಮುರಿಯುತ್ತೆ ಅನ್ನೋ ಹಾಗೆ ಗಡುಸಾಗಿರುತ್ತೆ, ಬಲಿತದ್ದು ರಬ್ಬರಿನ ಹಾಗೆ ಬಾಗುತ್ತೆ. ಬೆರಳುದ್ದ ಇರೋದನ್ನ ಆರಿಸು. ಏಣು ಕಪ್ಪಾಗಿದ್ದರೆ ಹಳೇದು ಅಂತಲೇ ಲೆಕ್ಕ.

ಸೋರೆಕಾಯಿಗೂ ಉಗುರು ಚುಚ್ಚಬೇಕಾಗಿಲ್ಲ. ಎಳೇದರ ಮೈ ಮೇಲೆ ಸಣ್ಣ ತುಪ್ಪಳ ಇರುತ್ತೆ, ಸವರಿದರೆ ಗೊತ್ತಾಗುತ್ತೆ. ಮನೆಗೆ ತಂದ ಮೇಲೆ ಒಂದು ಚೂರು ನಾಲಿಗೆಗೆ ಇಟ್ಟು ನೋಡು. ಕಹಿ ಇದ್ದರೆ ಉಗುಳಿ ಪೂರ್ತಿ ಕಾಯಿ ಎಸೆದುಬಿಡು. ಬೇಯಿಸಿದರೆ ಹೋಗುತ್ತೆ ಅನ್ನೋದು ಸುಳ್ಳು, ಕಹಿ ಸೋರೆಕಾಯಿ ರಸ ಕುಡಿದು ಪ್ರಾಣಕ್ಕೇ ಬಂದದ್ದುಂಟು. ಹೀರೆಕಾಯಿ, ಸೌತೆಕಾಯಿಗೂ ಇದೇ ನಿಯಮ.

ಉಳಿದದ್ದು ಬೇಗ ಹೇಳಿಬಿಡ್ತೀನಿ. ಹುರುಳಿಕಾಯಿ ಬಗ್ಗಿಸಿದರೆ ಟಕ್ ಅಂತ ಮುರೀಬೇಕು, ಮೇಲಿಂದಲೇ ಕಾಳು ಎದ್ದು ಕಾಣಬಾರದು. ಮೂಲಂಗಿ ನೋಡೋಕೆ ದಪ್ಪ, ಎತ್ತಿದರೆ ಹಗುರ ಅಂದರೆ ಒಳಗೆ ಬೆಂಡು. ಸಾಧ್ಯವಾದರೆ ಎಲೆ ಇರೋದನ್ನೇ ತಗೋ, ಎಲೆ ಬಾಡೋದು ಗೆಡ್ಡೆಗಿಂತ ಮೊದಲು. ನುಗ್ಗೆಕಾಯಿ ತಿರುಚಿದರೆ ಬಳುಕಬೇಕು, ಗಂಟು ಗಂಟಾಗಿದ್ದರೆ ಬರೀ ನಾರು. ಹಸಿಮೆಣಸಿನಕಾಯಿ ಯಾವಾಗಲೂ ಹಸಿರು ತೊಟ್ಟಿರೋದನ್ನೇ ಆರಿಸು. ಮನೇಲಿ ತೊಟ್ಟು ಬಿಡಿಸಿ, ಒರೆಸಿ ಡಬ್ಬಿಗೆ ಹಾಕಿದರೆ ಫ್ರಿಜ್ಜಲ್ಲಿ ತುಂಬ ದಿನ ಇರುತ್ತೆ.

ಧಾರವಾಡದಿಂದ

ಅಕ್ಕಾರ ಹೇಳಿದ ತೊಟ್ಟಿನ ಮಾತು ಖರೆ ಅದ. ಆದ್ರ ಉಳ್ಳಾಗಡ್ಡಿಗೆ ಅದು ಉಲ್ಟಾ. ಉಳ್ಳಾಗಡ್ಡಿ ಕುತ್ತಿಗಿ ಹಸಿ ಇರಬಾರದು, ಸಣ್ಣಗ ಒಣಗಿರಬೇಕು. ಕುತ್ತಿಗಿ ಮ್ಯಾಲೆ ಹೆಬ್ಬೆರಳ ಇಟ್ಟು ಒತ್ರಿ. ಮೆತ್ತಗ ಆತಂದ್ರ ಒಳಗ ಕೊಳಿಲಿಕ್ಕೆ ಸುರು ಆಗೇದ ಅಂತ, ಮ್ಯಾಲಿನ ಸಿಪ್ಪಿ ಎಷ್ಟ ಛಂದ ಇದ್ರೂ ಬ್ಯಾಡ. ಮಳಿಗಾಲದಾಗ ಅಂತೂ ಇದನ್ನ ಮರೀಬ್ಯಾಡ್ರಿ. ಸಿಪ್ಪಿ ಮ್ಯಾಲೆ ಕರೀ ಪುಡಿ ಇರ್ತದಲ್ಲ, ಅದು ಬೂಸ್ಟು. ಮ್ಯಾಲಿನ ಸಿಪ್ಪಿಗಷ್ಟ ಇದ್ರ ಸುಲದು ತೊಳದು ಬಳಸಬಹುದು, ಒಳಗಿನ ಪದರಕ್ಕೂ ಇಳದಿದ್ರ ಒಗದು ಬಿಡ್ರಿ. ಆಲೂಗಡ್ಡಿ ಹಸರ ಆಗಿದ್ರ ತಗೋಬ್ಯಾಡ್ರಿ, ಬೆಳಕಿಗೆ ಬಿದ್ದು ಹಂಗ ಆಗಿರ್ತದ, ಅದ್ರಾಗ ವಿಷದ ಅಂಶ ಹೆಚ್ಚಾಗಿರ್ತದ.

ಇನ್ನ ತಪ್ಪಲ ಪಲ್ಲೆ. ನಾವು ರೊಟ್ಟಿ ಜೋಡಿ ಹಕ್ಕರಕಿ, ಮೆಂತೆ ಹಸೀದ ತಿನ್ನವ್ರು, ಹಿಂಗಾಗಿ ಸಂತ್ಯಾಗ ಭಾಳ ನೋಡಿ ತಗೋತೀವಿ. ಸೂಡಿನ ಹೊರಗಿನ ಎಲಿ ನೋಡಿದ್ರ ಏನೂ ತಿಳಿಯೂದಿಲ್ಲ. ಹಗ್ಗ ಕಟ್ಟಿದ ಜಾಗದಾಗ ನಡುವ ಬೆರಳ ಹಾಕಿ ನೋಡ್ರಿ. ತಣ್ಣಗಿದ್ರ ಹೊಸಾದು. ಬೆಚ್ಚಗ ಹತ್ತಿದ್ರ ಒಳಗಿಂದೊಳಗ ಕಾದು ಕೊಳಿಲಿಕ್ಕೆ ಹತ್ತೇದ ಅಂತ ತಿಳೀರಿ. ಕಟ್ಟಿ ಒತ್ತಿ ಇಟ್ಟ ಸೊಪ್ಪು ತಾನ ಕಾವು ಹುಟ್ಟಿಸ್ತದ. ಮನಿಗೆ ತಂದ ಕೂಡ್ಲೆ ಮೊದಲ ಹಗ್ಗ ಬಿಚ್ರಿ, ಹಳದಿ ಎಲಿ ತಗೀರಿ, ತೊಳೀಲಾರದ ಅರಿವಿ ಒಳಗ ಸುತ್ತಿ ಇಡ್ರಿ. ನೀರು ಹೊಡದು ಕೊಟ್ಟ ಸೊಪ್ಪನ್ನ ಹಂಗ ಪ್ಲಾಸ್ಟಿಕ್ ಚೀಲದಾಗ ಇಟ್ರ ಮರುದಿನ ಲೋಳಿ ಆಗದ ಏನಾದೀತ್ರಿ?

ಉಡುಪಿಯಿಂದ

ಮೇಲಿನವರು ಹೇಳಿದ್ದೆಲ್ಲ ಸರಿ. ಒಂದೇ ಒಂದು ಮಾತು ಸೇರಿಸ್ತೇನೆ. ಎಲ್ಲವೂ ಎಳೆಯದೇ ಆಗಬೇಕು, ನಿನ್ನೆ ಮೊನ್ನೆ ಕೊಯ್ದದ್ದೇ ಆಗಬೇಕು ಅಂತ ಹೊರಟರೆ ಕೆಲವು ತರಕಾರಿಯಲ್ಲಿ ಮೋಸ ಹೋಗ್ತೀರಿ. ನಮ್ಮಲ್ಲಿ ಸಾಂಬಾರಿಗೆ ಹಾಕುವ ಮಂಗಳೂರು ಸೌತೆಯನ್ನು ಬೇಸಿಗೆಯಲ್ಲಿ ಕೊಯ್ದು, ಹಗ್ಗದಲ್ಲಿ ಕಟ್ಟಿ ಅಟ್ಟದ ಅಡಿಯಲ್ಲಿ ಸಾಲಾಗಿ ತೂಗುಹಾಕುವುದು ಹಿಂದಿನಿಂದ ಬಂದ ಪದ್ಧತಿ. ಮಳೆಗಾಲದಲ್ಲಿ ಬೇರೆ ತರಕಾರಿ ಸಿಗದ ದಿನಗಳಿಗೆ ಅದೇ ಗತಿ. ತಿಂಗಳುಗಟ್ಟಲೆ ಇರ್ತದೆ. ಅದನ್ನು ಕೊಳ್ಳುವಾಗ ಬಲಿತ, ಹಳದಿ ತಿರುಗಿದ, ಎಲ್ಲಿಯೂ ಗಾಯ ಇಲ್ಲದ ಕಾಯಿ ನೋಡಬೇಕು. ಒಂದು ಕಡೆ ಪೆಟ್ಟು ಬಿದ್ದಿದ್ದರೂ ಅಲ್ಲಿಂದಲೇ ಕೊಳೆಯಲು ಸುರುವಾಗ್ತದೆ.

ಬೂದುಗುಂಬಳಕ್ಕೂ ಹಾಗೆಯೇ. ಮೈಯ ಬೂದಿ ದಟ್ಟವಾಗಿರಬೇಕು, ತೊಟ್ಟು ಕಿತ್ತುಹೋಗಿರಬಾರದು. ಸಿಹಿಗುಂಬಳದ ತೊಟ್ಟು ಒಣಗಿ ಗಟ್ಟಿಯಾಗಿದ್ದರೆ ಒಳ್ಳೆಯದೇ, ಬಲಿತು ಕೊಯ್ದಿದ್ದಾರೆ ಅಂತ ಅರ್ಥ. ಒಬ್ಬರಿಗೆ ಇಡೀ ಕುಂಬಳ ಬೇಡ, ಹೋಳು ತಗೊಳ್ತೀರಿ ಅಲ್ವಾ? ಹಾಗಾದರೆ ಬೀಜ ಇರುವ ಜಾಗ ನೋಡಿ, ಅಲ್ಲಿ ಜಾರುವ ಲೋಳೆ ಇದ್ದರೆ ಕತ್ತರಿಸಿ ಬಹಳ ಹೊತ್ತಾಗಿದೆ. ನಿಮ್ಮ ಎದುರಿಗೇ ಕತ್ತರಿಸಿ ಕೊಡಲು ಹೇಳಿ, ಯಾರೂ ಬೇಡ ಅನ್ನುವುದಿಲ್ಲ.

ತೆಂಗಿನಕಾಯಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು ಎಲ್ಲರಿಗೂ ಗೊತ್ತು. ಅದಕ್ಕಿಂತ ಮುಖ್ಯ ಮೂರು ಕಣ್ಣುಗಳು. ಕಣ್ಣು ಒದ್ದೆಯಾಗಿದ್ದರೆ, ಬೂಸ್ಟು ಕಂಡರೆ, ನೀರಿನ ಸದ್ದು ಎಷ್ಟು ಚೆನ್ನಾಗಿದ್ದರೂ ಬೇಡ.

ಕೇಳಿದವರು

ಅಕ್ಕ, ಅಣ್ಣ, ಎಲ್ಲರಿಗೂ ತುಂಬ ಉಪಕಾರವಾಯ್ತು. ಇನ್ನೆರಡು ಪ್ರಶ್ನೆ ಇದೆ. ಸೂಪರ್ ಮಾರ್ಕೆಟ್‌ನಲ್ಲಿ ಎಲ್ಲ ಪ್ಲಾಸ್ಟಿಕ್ ಸುತ್ತಿ ಇಟ್ಟಿರ್ತಾರೆ, ಮುಟ್ಟೋಕೇ ಆಗಲ್ಲ, ಅಲ್ಲಿ ಏನು ಮಾಡೋದು? ಬಾಳೆಹಣ್ಣು ಹಳದಿ ಇದ್ದು ತೊಟ್ಟು ಹಸಿರಿದ್ದರೆ ಕಾರ್ಬೈಡ್ ಹಾಕಿದ್ದು ಅಂತ ರೂಮಿನವರು ಹೇಳ್ತಾರೆ, ಹೌದಾ?

ಶ್ರೀನಿವಾಸಪುರದಿಂದ

ನಾವು ಮಾವು ಬೆಳೆಯೋರು, ಹಣ್ಣಿನ ವಿಷಯ ನಾನು ಹೇಳ್ತೀನಿ. ಕ್ಯಾಲ್ಸಿಯಂ ಕಾರ್ಬೈಡ್ ಹಾಕಿ ಹಣ್ಣು ಮಾಡೋದು 2011ರ ಆಹಾರ ಸುರಕ್ಷತಾ ನಿಯಮದಲ್ಲೇ ನಿಷೇಧ ಆಗಿದೆ. ಅದರಲ್ಲಿ ಆರ್ಸೆನಿಕ್, ರಂಜಕದ ಅಂಶ ಬೆರೆತಿರುತ್ತೆ, ಅದೇ ಅಪಾಯ. ಕಾನೂನು ಒಪ್ಪೋದು ಎಥಿಲೀನ್ ಅನಿಲ, ಅದೂ 100 ಪಿಪಿಎಂ ಒಳಗೆ, ಅಂದರೆ ಹತ್ತು ಲಕ್ಷ ಪಾಲಿಗೆ ನೂರು ಪಾಲು. ಹಣ್ಣು ತಾನೇ ಮಾಗೋವಾಗ ಬಿಡುಗಡೆ ಮಾಡೋದೂ ಇದೇ ಅನಿಲ. ಬಾಳೆಹಣ್ಣಿನ ದೊಡ್ಡ ಮಂಡಿಗಳಲ್ಲಿ ತಣ್ಣನೆಯ ಕೋಣೆಯಲ್ಲಿಟ್ಟು ಎಥಿಲೀನ್ ಬಿಡ್ತಾರೆ. ಹಾಗೆ ಮಾಗಿದ ಪಚ್ಚಬಾಳೆಗೂ ಮೈ ಹಳದಿ, ತೊಟ್ಟು ಹಸಿರು ಇರುತ್ತೆ. ಹಾಗಾಗಿ ಬರೀ ತೊಟ್ಟು ನೋಡಿ ಕಾರ್ಬೈಡ್ ಅಂತ ತೀರ್ಮಾನ ಮಾಡೋದು ತಪ್ಪು, ಸರಿಯಾಗಿ ವ್ಯಾಪಾರ ಮಾಡೋರ ಮೇಲೂ ಅನುಮಾನ ಬರುತ್ತೆ. ಅನುಮಾನ ಪಡಬೇಕಾದದ್ದು ಹಣ್ಣಿನ ಮೇಲೆ ಬೂದುಬಣ್ಣದ ಪುಡಿ ಕಂಡಾಗ, ಮೈಯೆಲ್ಲ ಒಂದೇ ಹಳದಿ ಇದ್ದು ವಾಸನೆಯೇ ಇಲ್ಲದಾಗ, ಹೊರಗೆ ಹಣ್ಣು ಒಳಗೆ ಗಟ್ಟಿ ಕಾಯಿ ಆಗಿದ್ದಾಗ.

ಮಾವಿನಲ್ಲಿ ಬಣ್ಣ ನಂಬಲೇಬೇಡಿ. ಸೇಂದೂರ ಇನ್ನೂ ಕಾಯಿ ಇರುವಾಗಲೇ ಭುಜದಲ್ಲಿ ಕೆಂಪಾಗುತ್ತೆ. ರಸಪುರಿ ಪೂರ್ತಿ ಹಣ್ಣಾದರೂ ಅಲ್ಲಲ್ಲಿ ಹಸಿರು ಉಳಿಸಿಕೊಂಡಿರುತ್ತೆ. ನೋಡಬೇಕಾದದ್ದು ಭುಜ. ಬಲಿತ ಕಾಯಿಯ ಭುಜ ತೊಟ್ಟಿಗಿಂತ ಮೇಲೆ ಉಬ್ಬಿ, ತೊಟ್ಟು ಗುಳಿಯಲ್ಲಿ ಕೂತ ಹಾಗಿರುತ್ತೆ. ಭುಜ ಇಳಿಜಾರಾಗಿದ್ದರೆ ಬಲಿಯೋ ಮೊದಲೇ ಕಿತ್ತಿದ್ದಾರೆ, ಅದು ಮೆತ್ತಗಾಗಬಹುದೇ ಹೊರತು ಸಿಹಿ ಬರಲ್ಲ. ಆಮೇಲೆ ತೊಟ್ಟಿನ ಹತ್ತಿರ ಮೂಗಿಟ್ಟು ನೋಡಿ. ಬಾದಾಮಿ ಒಳ್ಳೇದಾದರೆ ಆ ವಾಸನೆಗೇ ಬಾಯಲ್ಲಿ ನೀರು ಬರುತ್ತೆ. ಸೊನೆ ಸುರಿದು ಸಿಪ್ಪೆ ಮೇಲೆ ಆಗಿರೋ ಕಪ್ಪು ಕಲೆ ನೋಡಿ ಬಿಸಾಡ್ತಾರೆ ಜನ, ನಮಗೆ ಹೊಟ್ಟೆ ಉರಿಯುತ್ತೆ. ಅದು ಸಿಪ್ಪೆಯಲ್ಲೇ ಉಳಿಯುತ್ತೆ, ಒಳಗಿನ ತಿರುಳಿಗೆ ಏನೂ ಆಗಿರಲ್ಲ. ಮನೆಗೆ ತಂದು ನೀರಿಗೆ ಹಾಕಿದರೆ ಚೆನ್ನಾಗಿ ಬಲಿತದ್ದು ಮುಳುಗುತ್ತೆ, ಎಳೇದು ತೇಲುತ್ತೆ.

ಇನ್ನು ಕಾಲ ನೋಡಿ ಕೊಳ್ಳಿ. ರಾಮನಗರದ ಕಡೆ ಮಾವು ನಮಗಿಂತ ಮೊದಲೇ ಬರುತ್ತೆ, ನಮ್ಮ ತಾಲೂಕಿನದು ಆಮೇಲೆ. ಮಾರ್ಚ್ ಮೊದಲಲ್ಲೇ ಬಂಗಾರದ ಬಣ್ಣದ ಬಾದಾಮಿ ರಾಶಿ ಬಿದ್ದಿದ್ದರೆ ಆತುರ ಬೇಡ.

ಕಲ್ಲಂಗಡಿಗೆ ನೆಲಕ್ಕೆ ತಾಗಿದ್ದ ಜಾಗ ಕೆನೆಹಳದಿ ಇರಬೇಕು, ಬಿಳುಪಿದ್ದರೆ ಬಲಿತಿಲ್ಲ. ಕೊಡಗಿನ ಕಿತ್ತಳೆ ಹಸಿರು ಹಳದಿ ಬೆರೆತೇ ಇರುತ್ತೆ, ಸಿಪ್ಪೆಯೂ ಸಡಿಲ, ಅದರ ಜಾತಿಯೇ ಹಾಗೆ. ಕೈಗೆ ಭಾರ ಇದ್ದರೆ ರಸ ಇದೆ. ದಾಳಿಂಬೆಗೂ ಭಾರವೇ ಗುರುತು, ಮೈ ಸ್ವಲ್ಪ ಮೂಲೆ ಮೂಲೆಯಾಗಿದ್ದರೆ ಇನ್ನೂ ಒಳ್ಳೇದು.

ಬೆಂಗಳೂರಿನಿಂದ ಇನ್ನೊಬ್ಬರು

ಪ್ಲಾಸ್ಟಿಕ್ ಸುತ್ತಿದ್ದರ ಬಗ್ಗೆ ನಾನು ಹೇಳ್ತೀನಿ. ತಟ್ಟೆಯನ್ನ ಮಗುಚಿ ಅಡಿಭಾಗ ನೋಡಿ, ಕೊಳೆತ ಕಾಯಿ ಇದ್ದರೆ ಅಲ್ಲೇ ಇರುತ್ತೆ. ಹಾಳೆಯ ಒಳಗೆ ನೀರಿನ ಹನಿ ಕಟ್ಟಿದ್ದರೆ ಬಿಡಿ. ಪ್ಯಾಕ್ ಮಾಡಿದ ತಾರೀಖು ಚೀಟಿಯಲ್ಲಿರುತ್ತೆ, ಆದರೆ ಅದು ತೋಟದಲ್ಲಿ ಕೊಯ್ದ ದಿನ ಅಲ್ಲ. ಹಾಗಾಗಿ ಮೇಲೆ ಮೈಸೂರಿನ ಅಕ್ಕ ಹೇಳಿದ ಹಾಗೆ ತೊಟ್ಟನ್ನೇ ನೋಡಿ, ಅದು ಹಾಳೆಯ ಮೂಲಕವೂ ಕಾಣುತ್ತೆ. ಸೊಪ್ಪು ಮಾತ್ರ ಬೆಳಗ್ಗೆ ಬೀದಿಗೆ ಬರೋ ಸೊಪ್ಪಿನಮ್ಮನ ಹತ್ತಿರವೇ ತಗೊಳ್ಳಿ. ಬೇರಿಗೆ ಹಸಿ ಮಣ್ಣು ಅಂಟಿರೋ ಕಟ್ಟು ಸಿಕ್ಕರೆ ಬಿಡಲೇಬೇಡಿ. ಎಲೆಯಲ್ಲಿ ಒಂದೆರಡು ತೂತಿದ್ದರೆ ಪರವಾಗಿಲ್ಲ. ದಿನಾ ಅವರ ಹತ್ತಿರವೇ ತಗೊಂಡರೆ "ಇವತ್ತು ಪಾಲಕ್ ಬೇಡಪ್ಪ, ನೆನ್ನೇದು" ಅಂತ ಅವರೇ ಹೇಳ್ತಾರೆ.

ಬಿಡಿಸಿದ ಹಸಿ ಬಟಾಣಿ ತಂದರೆ ಸ್ವಲ್ಪ ಗಾಜಿನ ಲೋಟದ ನೀರಿಗೆ ಹಾಕಿ ಅರ್ಧ ಗಂಟೆ ಬಿಡಿ. ನೀರು ಹಸಿರಾದರೆ ಬಣ್ಣ ಹಾಕಿದ್ದಾರೆ. ಒಣ ಬಟಾಣಿ ನೆನೆಸಿ ಹಸಿ ಅಂತ ಮಾರೋದೂ ಉಂಟು, ಸಿಪ್ಪೆ ಸಮೇತ ತಂದು ಬಿಡಿಸಿಕೊಳ್ಳೋದು ಕ್ಷೇಮ.

ಡಿಸೆಂಬರ್, ಜನವರಿ ಬಂದಾಗ ಅವರೆಕಾಯಿ ತಪ್ಪಿಸಬೇಡಿ. ಅದರಲ್ಲಿ ನೋಡಬೇಕಾದದ್ದು ಸೊಗಡು. ಒಂದು ಹಿಡಿ ಕಾಯಿ ಎತ್ತಿ ಕೈಯಲ್ಲಿ ಉಜ್ಜಿದರೆ ಅಂಗೈಗೆ ಜಿಡ್ಡು ಜಿಡ್ಡಾಗಿ ಅಂಟಬೇಕು, ಆ ವಾಸನೆ ಕೈ ತೊಳೆದ ಮೇಲೂ ಇರಬೇಕು. ಜಿಡ್ಡಿಲ್ಲದ, ಮೈ ಒಣಗಿದ ಕಾಯಿಯ ಸಾರಿಗೆ ರುಚಿಯೇ ಬರಲ್ಲ. ಒಂದು ಕಾಯಿ ಬಿಡಿಸಿ ನೋಡಿ, ಕಾಳು ಹಸಿರಾಗಿ ತುಂಬಿಕೊಂಡಿರಬೇಕು. ಸಿಪ್ಪೆ ಮೇಲೆ ಸಣ್ಣ ತೂತಿದ್ದರೆ ಒಳಗೆ ಹುಳ ಖಂಡಿತ. ಹಿತಕಿದ ಬೇಳೆ ಮಾರೋರ ಹತ್ತಿರ ತಗೊಳ್ಳೋದಾದರೆ ಬೆಳಗ್ಗೆಯೇ ತಗೊಳ್ಳಿ. ನೀರಲ್ಲಿ ನೆನೆದ ಬೇಳೆ ಬೇಗ ಹುಳಿ ವಾಸನೆ ಹಿಡಿಯುತ್ತೆ, ಮೂಗಿನ ಹತ್ತಿರ ಹಿಡಿದು ನೋಡಿದ ಮೇಲೇ ದುಡ್ಡು ಕೊಡಿ.